ಕರ್ಪೂರ ಯಾಕೆ ಓಡುತ್ತದೆ? ಮನೆಯಲ್ಲೇ ಪ್ರಯೋಗ ಮಾಡುವ ಆಸೆ ಇರುವವರಿಗೆ

ಪ್ರಶ್ನೆ: ನನಗೆ 46 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಪಿಯುಸಿ ತನಕ ವಿಜ್ಞಾನ ಓದಿದ್ದೆ, ಆಮೇಲೆ ಬಿಕಾಂ. ಭಾನುವಾರಗಳಲ್ಲಿ ಮನೆಯಲ್ಲೇ ಸಣ್ಣಪುಟ್ಟ ಪ್ರಯೋಗ ಮಾಡುವ ಆಸೆ ಹುಟ್ಟಿದೆ. ಮಕ್ಕಳಿಗೆ ಕಲಿಸಲು ಅಲ್ಲ, ಸುಮ್ನೆ ನನ್ನ ಖುಷಿಗೆ. ವಿಡಿಯೊ ನೋಡಿ ಸೋಡಾ-ವಿನೆಗರ್ ಜ್ವಾಲಾಮುಖಿಯಿಂದ ಹಿಡಿದು ಹತ್ತು-ಹನ್ನೆರಡು ಮಾಡಿದೆ. ಒಂದು ಸಲ ನೋಡಿದ ಮೇಲೆ ಬೇಜಾರು ಬರುತ್ತದೆ. ಎಲ್ಲಿಂದ ಶುರು ಮಾಡಲಿ? 12,000 ರೂಪಾಯಿಯ ಕಿಟ್ ಒಂದನ್ನು ನೋಡಿಟ್ಟಿದ್ದೇನೆ, ಕೊಳ್ಳಲೇ? ಅಪಾಯ ಏನಾದರೂ ಇದೆಯಾ?

ಉತ್ತರ: ಕಿಟ್ ಸದ್ಯಕ್ಕೆ ಬೇಡ. ಆ ದುಡ್ಡು ಹಾಗೇ ಇರಲಿ. ಆರು ತಿಂಗಳು ಕಳೆದ ಮೇಲೆ ಏನು ಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಆಗ ಅದಷ್ಟನ್ನೇ ಕೊಂಡರೆ ಸಾಕು.

ನಿಮಗೆ ಬೇಜಾರು ಬಂದದ್ದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ನೊರೆ ಉಕ್ಕುತ್ತದೆ ಅಂತ ವಿಡಿಯೊದಲ್ಲಿ ಹೇಳಿದರು, ನೊರೆ ಉಕ್ಕಿತು, ಅಲ್ಲಿಗೆ ಮುಗಿಯಿತು. ಉತ್ತರ ಮೊದಲೇ ಗೊತ್ತಿದ್ದ ಮೇಲೆ ಎರಡನೇ ಸಲ ಮಾಡಲು ಏನಿದೆ? ಅದೇ ನೊರೆಯನ್ನೇ ಇಟ್ಟುಕೊಂಡು, ಒಂದು ಚಮಚ ಸೋಡಾಕ್ಕೆ ಎಷ್ಟು ಚಮಚ ವಿನೆಗರ್ ಆದ ಮೇಲೆ ನೊರೆ ನಿಲ್ಲುತ್ತದೆ, ವಿನೆಗರ್ ಬದಲು ನಿಂಬೆರಸವಾದರೆ ಎಷ್ಟು, ಹುಣಸೆ ರಸವಾದರೆ ಎಷ್ಟು ಅಂತ ಕೇಳಿಕೊಂಡಿದ್ದರೆ ನಾಲ್ಕು ಭಾನುವಾರ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ನಿಮಗೆ ಹೇಳುವುದು ಒಂದೇ ಮಾತು. ಹತ್ತು ಪ್ರಯೋಗವನ್ನು ಒಂದೊಂದು ಸಲ ಮಾಡಬೇಡಿ. ಒಂದನ್ನೇ ಹಿಡಿದು ಹತ್ತು ಸಲ ಮಾಡಿ, ಪ್ರತಿ ಸಲವೂ ಏನಾದರೊಂದನ್ನು ಅಳೆಯಿರಿ.

ಯಾವುದನ್ನು ಹಿಡಿಯುವುದು? ನನ್ನ ಆಯ್ಕೆ ಕರ್ಪೂರ.

ಅಗಲವಾದ ತಟ್ಟೆಯಲ್ಲಿ ನೀರು ತುಂಬಿ. ಪಚ್ಚ ಕರ್ಪೂರದ ನಾಲ್ಕೈದು ಚೂರುಗಳನ್ನು, ಸಾಸಿವೆಗಿಂತ ಸಣ್ಣದಾಗಿ ಮುರಿದು, ಚಿಮಟದಿಂದ ನೀರಿನ ಮೇಲೆ ಬಿಡಿ. ಆರತಿ ಕರ್ಪೂರದಲ್ಲೂ ಆಗುತ್ತದೆ. ಚೂರುಗಳು ಜೀವ ಬಂದ ಹಾಗೆ ಓಡಾಡುತ್ತವೆ, ತಿರುಗುತ್ತವೆ, ಒಂದನ್ನೊಂದು ತಪ್ಪಿಸಿಕೊಳ್ಳುತ್ತವೆ. ನೀರಿನ ಮೇಲ್ಮೈ ಎಳೆದು ಕಟ್ಟಿದ ಬಟ್ಟೆಯ ಹಾಗೆ ಬಿಗಿಯಾಗಿರುತ್ತದೆ. ಕರ್ಪೂರ ನಿಧಾನಕ್ಕೆ ಕರಗುತ್ತಾ ತನ್ನ ಸುತ್ತ ಆ ಬಿಗಿಯನ್ನು ಸಡಿಲ ಮಾಡುತ್ತದೆ. ಚೂರಿನ ಆಕಾರ ಸಮನಾಗಿಲ್ಲವಲ್ಲ, ಹಾಗಾಗಿ ಒಂದು ಕಡೆ ಜಾಸ್ತಿ ಸಡಿಲ, ಇನ್ನೊಂದು ಕಡೆ ಕಡಿಮೆ. ಬಿಗಿ ಇರುವ ಕಡೆ ಚೂರನ್ನು ಎಳೆದುಕೊಳ್ಳುತ್ತದೆ.

ಈಗ ತಲೆಗೂದಲು ಮುಟ್ಟಿದ ಬೆರಳನ್ನು ನೀರಿಗೆ ತಾಗಿಸಿ. ಓಟ ನಿಂತುಹೋಗುತ್ತದೆ. ಬೆರಳಿನಲ್ಲಿದ್ದ ಎಣ್ಣೆಯ ಪಸೆ ಎಷ್ಟು ಅಂತೀರಿ? ಕಣ್ಣಿಗೆ ಕಾಣದಷ್ಟು. ಅಷ್ಟೇ ಎಣ್ಣೆ ತಟ್ಟೆಯ ಉದ್ದಗಲಕ್ಕೂ ಹರಡಿ ಕರ್ಪೂರವನ್ನು ನಿಲ್ಲಿಸಿಬಿಟ್ಟಿತು.

ಇಲ್ಲಿಂದಲೇ ಪ್ರಶ್ನೆ ಶುರುವಾಗುವುದು. ಓಟ ನಿಲ್ಲಿಸಲು ಕನಿಷ್ಠ ಎಷ್ಟು ಎಣ್ಣೆ ಬೇಕು? 1890ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಇದನ್ನೇ ಕೇಳಿಕೊಂಡರು. ಸ್ನಾನದ ದೊಡ್ಡ ತೊಟ್ಟಿಯಂಥ ಪಾತ್ರೆಯಲ್ಲಿ ಆಲಿವ್ ಎಣ್ಣೆಯನ್ನು ತೂಕ ಮಾಡಿ ಬಿಟ್ಟು, ಎಷ್ಟು ಎಣ್ಣೆಗೆ ಕರ್ಪೂರ ನಿಲ್ಲುತ್ತದೆ ಅಂತ ನೋಡಿದರು. ಲೆಕ್ಕ ಹಾಕಿದಾಗ ಆ ಎಣ್ಣೆಯ ಪದರದ ದಪ್ಪ ಸುಮಾರು 1.6 ನ್ಯಾನೋಮೀಟರ್ ಬಂತು. ಒಂದು ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಣುಗಳು ನಿಜವಾಗಿಯೂ ಇವೆಯೇ ಅಂತ ದೊಡ್ಡ ವಿಜ್ಞಾನಿಗಳೇ ಅನುಮಾನ ಪಡುತ್ತಿದ್ದ ಕಾಲ ಅದು. ನೀರು, ಎಣ್ಣೆ, ಕರ್ಪೂರ ಇಟ್ಟುಕೊಂಡು ಅಣುವಿನ ಅಳತೆಗೆ ಅವರು ಅಷ್ಟು ಹತ್ತಿರ ಹೋಗಿದ್ದರು.

ನೀವೂ ಹೋಗಬಹುದು. ನಾನು ಮಾಡುವ ರೀತಿ ಹೇಳುತ್ತೇನೆ. 35 ಸೆಂಟಿಮೀಟರಿಗಿಂತ ಅಗಲವಾದ ತಟ್ಟೆ ಬೇಕು, ಅನ್ನ ಆರಿಸುವಂಥ ಹರಿವಾಣ ಒಂದನ್ನು ಇದಕ್ಕೇ ಎತ್ತಿಟ್ಟರೆ ಸಾಕು. ನೀರು ತುಂಬಿ, ಅಲುಗಾಟ ನಿಂತ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ, ಬಹಳ ತೆಳ್ಳಗೆ ಉದುರಿಸಿ. ಒಂದು ಸಣ್ಣ ತಂತಿಯ ತುದಿಯನ್ನು ಹರಳೆಣ್ಣೆಯಲ್ಲಿ ಅದ್ದಿ ತೆಗೆಯಿರಿ. ತುದಿಯಲ್ಲಿ ನೇತಾಡುವ ಹನಿಯನ್ನು ಸ್ಕೇಲಿನ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಅರ್ಧ ಮಿಲಿಮೀಟರ್ ಅಗಲದ ಹನಿ ಸಿಗುವ ತನಕ ಪ್ರಯತ್ನಿಸಿ. ಆ ಹನಿಯನ್ನು ನೀರಿನ ನಡುವೆ ತಾಗಿಸಿ. ಪೌಡರ್ ತಟ್ಟನೆ ಹೊರಕ್ಕೆ ಸರಿದು, ನಡುವೆ ಸ್ವಚ್ಛವಾದ ಒಂದು ವೃತ್ತ ತೆರೆದುಕೊಳ್ಳುತ್ತದೆ. ಎರಡು ಮೂರು ಕಡೆಯಿಂದ ಅದರ ಅಗಲ ಅಳೆದು ಸರಾಸರಿ ತೆಗೆಯಿರಿ.

ಲೆಕ್ಕ ಸುಲಭ. ಹನಿಯಲ್ಲಿದ್ದ ಎಣ್ಣೆಯೇ ವೃತ್ತದಲ್ಲಿ ಇದೆ. ಹನಿಯ ಅಗಲದ ಘನ (ಅಗಲ × ಅಗಲ × ಅಗಲ) ತೆಗೆದು, ಎರಡರಿಂದ ಗುಣಿಸಿ. ಅದನ್ನು ವೃತ್ತದ ಅಗಲದ ವರ್ಗದ ಮೂರು ಪಟ್ಟಿನಿಂದ ಭಾಗಿಸಿ. ಅರ್ಧ ಮಿಲಿಮೀಟರಿನ ಹನಿ 200 ಮಿಲಿಮೀಟರಿನ ವೃತ್ತ ಕೊಟ್ಟರೆ ದಪ್ಪ ಸುಮಾರು 2 ನ್ಯಾನೋಮೀಟರ್. ಎಣ್ಣೆ ಇನ್ನೂ ತೆಳ್ಳಗಾಗಲು ಒಪ್ಪುತ್ತಿಲ್ಲ ಅಂದರೆ ಅಣುಗಳು ಒಂದರ ಪಕ್ಕ ಒಂದು ನಿಂತು ಒಂದೇ ಪದರ ಆಗಿವೆ ಅಂತ ಅರ್ಥ. ಮೊದಲ ಸಲ ನನಗೆ ಈ ಅಂಕಿ ಬಂದ ದಿನ ರಾತ್ರಿ ನಿದ್ದೆ ಹತ್ತಲಿಲ್ಲ. ಅಡುಗೆಮನೆಯ ಹರಿವಾಣದಲ್ಲಿ ಅಣುವಿನ ಉದ್ದ ಅಳೆದಿದ್ದೆ.

ಮೊದಲ ಸಲವೇ ಸರಿಯಾಗಿ ಬರುವುದಿಲ್ಲ, ಅದನ್ನು ಈಗಲೇ ತಿಳಿದಿರಿ. ಹನಿಯ ಅಗಲದಲ್ಲಿ 10% ತಪ್ಪಿದರೆ ಉತ್ತರದಲ್ಲಿ 30% ತಪ್ಪುತ್ತದೆ, ಯಾಕೆಂದರೆ ಆ ಅಗಲ ಮೂರು ಸಲ ಗುಣಿಸಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೊಳೆ. ಕರ್ಪೂರ ಓಡಲೇ ಇಲ್ಲ ಅಂದರೆ ತಟ್ಟೆಯಲ್ಲಿ ಜಿಡ್ಡು ಇದೆ. ಸೋಪು ಹಾಕಿ ತೊಳೆದರೆ ಸೋಪೇ ಉಳಿದು ಓಟ ನಿಲ್ಲಿಸುತ್ತದೆ. ಸೋಪಿನ ನಂತರ ಏಳೆಂಟು ಸಲ ಬರೀ ನೀರಿನಲ್ಲಿ ತೊಳೆಯಬೇಕು, ಒಳಭಾಗವನ್ನು ಕೈಯಿಂದ ಮುಟ್ಟಬಾರದು. ಆಮೇಲೆ ನೀರನ್ನು ಅಂಚಿನ ತನಕ ತುಂಬಿ, ಅಗಲವಾದ ಶುದ್ಧ ಕಾಗದದ ಪಟ್ಟಿಯಿಂದ ಮೇಲ್ಮೈಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಗುಡಿಸಿಬಿಡಿ. ಕರ್ಪೂರ ಓಡಿದರೆ ತಟ್ಟೆ ಶುದ್ಧ. ನನ್ನ ವಿದ್ಯಾರ್ಥಿಗಳಿಗೆ ಶುದ್ಧ ಅನ್ನುವ ಪದದ ಅರ್ಥ ಗೊತ್ತಾದದ್ದು ಈ ಪ್ರಯೋಗದಲ್ಲೇ.

ಈ ಗುಡಿಸುವ ಉಪಾಯವನ್ನು ಚೆನ್ನಾಗಿ ಬಳಸಿದವರು ಮನೆಗೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಮನೆಯಲ್ಲಿ ಕಾಯಿಲೆಯ ತಂದೆತಾಯಿ, ಅಡುಗೆ, ಪಾತ್ರೆ. ಪಾತ್ರೆ ತೊಳೆಯುವ ನೀರು ಜಿಡ್ಡಾದಾಗ ಬೇರೆ ಥರ ವರ್ತಿಸುತ್ತದೆ ಅಂತ ಇಪ್ಪತ್ತರ ಆಸುಪಾಸಿನಲ್ಲೇ ಗಮನಿಸಿದರು. ಒಂದು ತಗಡಿನ ತೊಟ್ಟಿ, ಅದರ ಮೇಲೆ ಅಡ್ಡಲಾಗಿ ಸರಿಸುವ ತಗಡಿನ ಪಟ್ಟಿ, ನೀರಿನ ಮೇಲೆ ಇಟ್ಟ ಒಂದು ಗುಂಡಿ, ಆ ಗುಂಡಿಯನ್ನು ಮೇಲೆತ್ತಲು ಎಷ್ಟು ಬಲ ಬೇಕು ಅಂತ ನೋಡಲು ಒಂದು ತಕ್ಕಡಿ. ಇಷ್ಟೇ ಸಲಕರಣೆ. ಸುಮಾರು ಹತ್ತು ವರ್ಷ ಒಬ್ಬರೇ ಅಳೆದರು, ಬರೆದಿಟ್ಟರು. 1891ರಲ್ಲಿ ರೇಲಿಗೆ ಒಂದು ಕಾಗದ ಬರೆದರು. ರೇಲಿಯ ಹೆಂಡತಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ರೇಲಿ ಅದನ್ನು ಹಾಗೇ 'ನೇಚರ್' ಪತ್ರಿಕೆಗೆ ಕಳಿಸಿದರು, ಅಚ್ಚಾಯಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಒಂದೇ ಅಣುವಿನ ಪದರ ಮಾಡಲು ಬಳಸುವ ತೊಟ್ಟಿ ಆ ತಗಡಿನ ತೊಟ್ಟಿಯ ವಂಶವೇ. 1932ರಲ್ಲಿ ಅವರದೇ ಊರಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ನಮ್ಮಲ್ಲೂ ಅಂಥವರಿದ್ದಾರೆ. ಸಿ.ವಿ. ರಾಮನ್ 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಕೆಲಸ ಮಾಡಿದರು. ನಿಮ್ಮ ಹಾಗೆಯೇ ಲೆಕ್ಕಪತ್ರದ ಕೆಲಸ. ಕಚೇರಿಗೆ ಮುಂಚೆ ಮತ್ತು ಕಚೇರಿಯ ನಂತರ ಕಲ್ಕತ್ತೆಯ ಬೌಬಜಾರಿನಲ್ಲಿದ್ದ ವಿಜ್ಞಾನ ಸಂಘದ ಪ್ರಯೋಗಾಲಯಕ್ಕೆ ಹೋಗಿ ತಂತಿಗಳ ಕಂಪನ, ವಾದ್ಯಗಳ ನಾದ ಅಂತ ಅಳೆಯುತ್ತಿದ್ದರು. ಸಂಬಳ ಬರುತ್ತಿದ್ದದ್ದು ಲೆಕ್ಕಕ್ಕೆ, ಪ್ರಯೋಗಕ್ಕಲ್ಲ.

ಇನ್ನು ನಿಮ್ಮ ಊರಿಗೇ ಹೊಂದುವ ಒಂದು ಪ್ರಯೋಗ ಹೇಳುತ್ತೇನೆ. ಇದಕ್ಕೆ ಒಬ್ಬ ಗೆಳೆಯ ಬೇಕು, ವಿಜಯಪುರದಲ್ಲಿ. ನಿಮ್ಮ ಬ್ಯಾಂಕಿನ ಶಾಖೆ ಅಲ್ಲೂ ಇದ್ದೇ ಇರುತ್ತದೆ ಅಲ್ವಾ? ಶಿವಮೊಗ್ಗ ಮತ್ತು ವಿಜಯಪುರ ಹೆಚ್ಚುಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯ ಮೇಲಿವೆ. ಏಪ್ರಿಲ್ 27ರ ಆಸುಪಾಸಿನಲ್ಲಿ ಶಿವಮೊಗ್ಗದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ನೆಟ್ಟ ಕೋಲಿನ ನೆರಳು ಕಾಣೆಯಾಗುತ್ತದೆ. ಅದೇ ಹೊತ್ತಿಗೆ ವಿಜಯಪುರದಲ್ಲಿ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಸುಮಾರು 5 ಸೆಂಟಿಮೀಟರ್ ಬಿದ್ದಿರುತ್ತದೆ. ಅದು 2.9 ಡಿಗ್ರಿ ಕೋನ. ಎರಡೂ ಊರಿನ ನಡುವೆ ನೇರ ದೂರ ಸುಮಾರು 320 ಕಿಲೋಮೀಟರ್. 2.9 ಡಿಗ್ರಿಗೆ 320 ಆದರೆ 360 ಡಿಗ್ರಿಗೆ ಎಷ್ಟು? 40,000ದ ಹತ್ತಿರ ಬರುತ್ತದೆ. ಅದು ಭೂಮಿಯ ಸುತ್ತಳತೆ. ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಎರಟೋಸ್ತನೀಸ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಸಯೀನ್ ಊರಿನ ಜೊತೆ ಹೋಲಿಸಿ ಹೀಗೇ ಅಳೆದ.

ಒಂದು ಸೂಕ್ಷ್ಮ ಇದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಮೀಟರ್ ಕೋಲಿನ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. 5 ಸೆಂಟಿಮೀಟರಿನಲ್ಲಿ 1 ಮಸುಕಾದರೆ ಅಳತೆ ಕೆಟ್ಟಿತು. ಕೋಲಿನ ತುದಿಗೆ ಒಂದು ರಟ್ಟು ಸಿಕ್ಕಿಸಿ, ಅದರಲ್ಲಿ ಸೂಜಿಯಿಂದ ತೂತು ಮಾಡಿ. ನೆರಳಿನ ನಡುವೆ ದುಂಡನೆಯ ಬೆಳಕಿನ ಬಿಲ್ಲೆ ಬೀಳುತ್ತದೆ, ಅದು ಸೂರ್ಯನ ಚಿತ್ರವೇ. ಬಿಲ್ಲೆಯ ನಡುಬಿಂದುವನ್ನು ಗುರುತು ಹಾಕಿ. ತೂತಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅದರ ನೇರ ಕೆಳಗಿನ ಜಾಗವನ್ನೂ ಗುರುತು ಹಾಕಿ. ಹನ್ನೆರಡು ಗಂಟೆಯಿಂದ ಒಂದು ಗಂಟೆ ತನಕ ಐದೈದು ನಿಮಿಷಕ್ಕೆ ಒಂದು ಗುರುತು. ಆಗಸ್ಟ್ 15ರ ಸುತ್ತ ಇನ್ನೊಂದು ಅವಕಾಶ ಬರುತ್ತದೆ, ಆದರೆ ಆಗ ಮಲೆನಾಡಿನಲ್ಲಿ ಮೋಡ. ಏಪ್ರಿಲ್ ತಪ್ಪಿಸಿಕೊಳ್ಳಬೇಡಿ.

ಮಳೆಗಾಲದಲ್ಲಿ ಹಿಟ್ಟು ನೋಡಿ. ಹೌದು, ದೋಸೆ ಹಿಟ್ಟು. ಉದ್ದಿನ ಬೇಳೆಯ ಜೊತೆಗೇ ಬರುವ ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳು ಹುಳಿಯನ್ನೂ ಅನಿಲವನ್ನೂ ಮಾಡುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಟ್ಟುಕೊಂಡು ಹಿಟ್ಟು ಉಬ್ಬುತ್ತದೆ. ಇಷ್ಟು ಪುಸ್ತಕದ ಮಾತು. ಕೈಯಲ್ಲೇ ಕಲಸಬೇಕು, ಸೌಟಿನಲ್ಲಿ ಕಲಸಿದರೆ ಹಿಟ್ಟು ಏಳುವುದಿಲ್ಲ ಅಂತ ಅಮ್ಮಂದಿರು ಹೇಳುತ್ತಾರಲ್ಲ, ಅದು ನಿಜವೇ? ಉಪ್ಪು ಮೊದಲೇ ಹಾಕುವುದೋ ಬೆಳಿಗ್ಗೆ ಹಾಕುವುದೋ? ಒಂದೇ ಅಳತೆಯ ನೇರ ಗಾಜಿನ ಲೋಟ ನಾಲ್ಕು ತನ್ನಿ. ಒಂದೇ ಹಿಟ್ಟನ್ನು ನಾಲ್ಕಕ್ಕೂ ಮೂರನೇ ಒಂದು ಭಾಗ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ. ಎರಡಕ್ಕೆ ಕೈ, ಎರಡಕ್ಕೆ ಶುದ್ಧ ಚಮಚ. ಯಾವುದು ಯಾವುದು ಅನ್ನುವುದು ಮನೆಯಲ್ಲಿ ಬೇರೆ ಯಾರಿಗಾದರೂ ಗೊತ್ತಿರಲಿ, ಅಳೆಯುವ ನಿಮಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ. ನಾನು ಇದನ್ನು ಎಷ್ಟೋ ಸಲ ನನ್ನಲ್ಲೇ ಕಂಡಿದ್ದೇನೆ. ನಮ್ಮನೆಯಲ್ಲಿ ಆರು ಸಲ ಮಾಡಿದಾಗ ಕೈಗೂ ಚಮಚಕ್ಕೂ ವ್ಯತ್ಯಾಸ ಸಿಗಲಿಲ್ಲ. ಕೋಣೆಯ ಬಿಸಿ ಎರಡು ಡಿಗ್ರಿ ಹೆಚ್ಚುಕಡಿಮೆ ಆದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತಿತ್ತು. ಆರು ಸಲ ಸಾಲದು. ನಿಮ್ಮ ಮನೆಯ ಹಿಟ್ಟು ಏನು ಹೇಳುತ್ತದೋ ನೋಡಿ.

ಲೋಲಕ ಹಳೆಯ ವಿಷಯ ಅಂತ ಬಿಡಬೇಡಿ. ದಾರದ ತುದಿಯಿಂದ ಗುಂಡಿನ ನಡುವಿನ ತನಕ ಒಂದು ಮೀಟರ್ ಇದ್ದರೆ 50 ಸಲ ಹೋಗಿ ಬರಲು 100 ಸೆಕೆಂಡಿಗಿಂತ ಚೂರು ಜಾಸ್ತಿ ಬೇಕು. ತೂಗಾಟ ದೊಡ್ಡದಿರಲಿ ಸಣ್ಣದಿರಲಿ ಸಮಯ ಒಂದೇ ಅಂತ ಗೆಲಿಲಿಯೋ 1638ರಲ್ಲಿ ಬರೆದ. 60 ಡಿಗ್ರಿಯಿಂದ ಬಿಟ್ಟು ಕೆಲವೇ ತೂಗಾಟ ಅಳೆಯಿರಿ, 5 ಡಿಗ್ರಿಯಿಂದ ಬಿಟ್ಟು ಅಷ್ಟನ್ನೇ ಅಳೆಯಿರಿ. ದೊಡ್ಡ ತೂಗಾಟಕ್ಕೆ 7% ತನಕ ಹೆಚ್ಚು ಸಮಯ ಹಿಡಿಯಬೇಕು. ಗೆಲಿಲಿಯೋನ ತಪ್ಪನ್ನು ನಿಮ್ಮ ಮೊಬೈಲಿನ ಗಡಿಯಾರ ತೋರಿಸಿಕೊಡುತ್ತದೆ.

ಅರಿಶಿನವೂ ಇದೆ. ಅರಿಶಿನದ ನೀರಿಗೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಶಂಖಪುಷ್ಪದ ನೀಲಿ ರಸ ನಿಂಬೆಗೆ ನೇರಳೆಯಾಗುತ್ತದೆ. ಬಟ್ಟೆಯ ಅರಿಶಿನದ ಕಲೆ ಬಿಸಿಲಿಗೆ ಎಷ್ಟು ದಿನದಲ್ಲಿ ಹೋಗುತ್ತದೆ, ನೆರಳಿನಲ್ಲಿ ಒಣಗಿಸಿದರೆ ಎಷ್ಟು ಅಂತ ಅಳೆದು ನೋಡಿ.

ಈಗ ಅಪಾಯದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಾಡಿಗೆ ಮನೆಯ ಬಚ್ಚಲಲ್ಲಿ, ಬ್ಲೀಚಿಂಗ್ ಪೌಡರ್ ಉಳಿದಿದ್ದ ಬಕೆಟ್ಟಿಗೆ ಶೌಚಾಲಯ ತೊಳೆಯುವ ಆಸಿಡ್ ಸುರಿದೆ. ಬಂದದ್ದು ಕ್ಲೋರಿನ್ ಅನಿಲ. ಬಾಗಿಲು ತೆರೆದಿದ್ದರಿಂದ ಉಳಿದುಕೊಂಡೆ, ಎರಡು ವಾರ ಉಸಿರು ಎಳೆದರೆ ಎದೆ ಉರಿಯುತ್ತಿತ್ತು. ರಸಾಯನಶಾಸ್ತ್ರ ಓದಿದವನಿಗೇ ಹೀಗಾಯಿತು. ಶುಚಿ ಮಾಡುವ ಯಾವ ಎರಡು ಪದಾರ್ಥವನ್ನೂ ಬೆರೆಸಬೇಡಿ, ಯಾವತ್ತೂ. ನೀರಿಗೆ ವಿದ್ಯುತ್ ಹಾಯಿಸುವುದಾದರೆ ಸಣ್ಣ ಬ್ಯಾಟರಿ ಮಾತ್ರ, ಗೋಡೆಯ ಪ್ಲಗ್ ಬೇಡವೇ ಬೇಡ. ಆ ನೀರಿಗೆ ಉಪ್ಪು ಹಾಕಿದರೂ ಕ್ಲೋರಿನ್ ಬರುತ್ತದೆ, ಅಡುಗೆ ಸೋಡಾ ಹಾಕಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಹಾಕಿಕೊಳ್ಳಿ. ಬಿದ್ದೇಬಿಟ್ಟರೆ ತಡಮಾಡದೆ ನೀರಿನಲ್ಲಿ ತುಂಬ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ. ಕರ್ಪೂರ ನುಂಗಿದರೆ ವಿಷ, ಅದರಲ್ಲೂ ಸಣ್ಣ ಮಕ್ಕಳಿಗೆ. ಮಕ್ಕಳು ಬಂದುಹೋಗುವ ಮನೆಯಾದರೆ ಡಬ್ಬಿ ಎತ್ತರದಲ್ಲಿರಲಿ. ಅನಿಲ ಹುಟ್ಟುವ ಯಾವುದನ್ನೂ ಬಿಗಿ ಮುಚ್ಚಳದ ಬಾಟಲಿಯಲ್ಲಿಡಬೇಡಿ, ಹಿಟ್ಟನ್ನೂ ಕೂಡ. ಪ್ರಯೋಗದ ಲೋಟ-ತಟ್ಟೆ ಊಟಕ್ಕೆ ಮತ್ತೆ ಬೇಡ. ಸೂರ್ಯನನ್ನು ನೇರ ನೋಡುವುದಂತೂ ಬೇಡ, ನೆಲದ ಮೇಲಿನ ಬಿಲ್ಲೆ ಸಾಕು.

ಕೊಳ್ಳಲೇಬೇಕು ಅನ್ನಿಸಿದರೆ ಮೊದಲು ಒಂದು ಒಳ್ಳೆಯ ಭೂತಗನ್ನಡಿ, ಆಮೇಲೆ ಅಡುಗೆಯ ಡಿಜಿಟಲ್ ಥರ್ಮಾಮೀಟರ್. ಶಿವಮೊಗ್ಗದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರಿನಲ್ಲಿ 97ಕ್ಕೆ, ಮಂಗಳೂರಿನಲ್ಲಿ 100ಕ್ಕೆ. ಊರಿಂದ ಊರಿಗೆ ಹೋಗುವಾಗ ಥರ್ಮಾಮೀಟರ್ ಜೊತೆಗಿರಲಿ. ಎಲ್ಲದಕ್ಕೂ ಮೊದಲು ಒಂದು ದಪ್ಪ ನೋಟ್‌ಬುಕ್. ದಿನಾಂಕ, ಸಮಯ, ಕೋಣೆಯ ಬಿಸಿ, ಏನು ಮಾಡಿದಿರಿ, ಏನು ಕಂಡಿತು. ಕೆಟ್ಟುಹೋದದ್ದನ್ನೂ ಬರೆಯಿರಿ, ಯಾವುದನ್ನೂ ಅಳಿಸಬೇಡಿ.

ಮುಂದಿನ ಭಾನುವಾರ ಹರಿವಾಣ ತೊಳೆಯುವುದರಿಂದ ಶುರು ಮಾಡಿ. ಹನಿಯ ಅಗಲ, ವೃತ್ತದ ಅಗಲ, ಯಾವ ಎಣ್ಣೆ, ಈ ಮೂರನ್ನು ನನಗೆ ಬರೆದು ಕಳಿಸಿ. ಹರಳೆಣ್ಣೆಯ ಅಂಕಿ ನನ್ನ ನೋಟ್‌ಬುಕ್ಕಿನಲ್ಲಿದೆ. ಕೊಬ್ಬರಿ ಎಣ್ಣೆಯದು ಇನ್ನೂ ಇಲ್ಲ.